ಫಾರ್ಮ್ಯಾಟ್ ಮಾಡದೆ ಉಬುಂಟು ತೆಗೆದೆ, 70 ಜಿಬಿ ವಾಪಸ್ ಬಂತು

ಮಂಡ್ಯದಲ್ಲಿ ನನ್ನದು ಡಿಟಿಪಿ, ಜೆರಾಕ್ಸ್ ಅಂಗಡಿ. 256 ಜಿಬಿ ಎಸ್‌ಎಸ್‌ಡಿಯಲ್ಲಿ ವಿಂಡೋಸ್ ಜೊತೆ ಉಬುಂಟು (ಲಿನಕ್ಸ್ ಬಗೆಯ ಆಪರೇಟಿಂಗ್ ಸಿಸ್ಟಂ) ಹಾಕಿಕೊಂಡಿದ್ದೆ. ಕನ್ನಡ ಟೈಪಿಂಗ್‌ನ ನುಡಿ ತಂತ್ರಾಂಶವನ್ನು ವೈನ್‌ನಲ್ಲಿ (ವಿಂಡೋಸ್ ತಂತ್ರಾಂಶವನ್ನು ಲಿನಕ್ಸ್‌ನಲ್ಲಿ ನಡೆಸುವ ಸಾಧನ) ಓಡಿಸೋಣ ಅಂತ ಎರಡು ಭಾನುವಾರ ಹಾಳು ಮಾಡಿದೆ, ಅಕ್ಷರ ಮೂಡಿದರೂ ಒತ್ತು ಎಲ್ಲೆಲ್ಲೋ ಹೋಗಿ ಕೂರುತ್ತಿತ್ತು, ಬಿಟ್ಟೆ. ಆಮೇಲೆ ಉಬುಂಟು ಸುಮ್ನೆ 70 ಜಿಬಿ ಹಿಡಿದುಕೊಂಡು ಬಿದ್ದಿತ್ತು. ಸಿ ಡ್ರೈವ್‌ನಲ್ಲಿ ಉಳಿದಿದ್ದು 3 ಜಿಬಿ, ಅದೂ ಮದುವೆ ಕಾರ್ಡ್ ಸೀಸನ್ನಿನಲ್ಲಿ.

ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋಗಿ ಉಬುಂಟು ಇದ್ದ ಲಿನಕ್ಸ್ ಪಾರ್ಟಿಷನ್ (ಡಿಸ್ಕಿನ ಭಾಗ), ಅದರ ಸ್ವಾಪ್ (ಮೆಮೊರಿ ಸಾಲದಾಗ ಬಳಸುವ ಭಾಗ) ಎರಡನ್ನೂ ಡಿಲೀಟ್ ಮಾಡಿದೆ. ರೀಸ್ಟಾರ್ಟ್ ಮಾಡಿದರೆ ಕಪ್ಪು ಪರದೆ, ಗ್ರಬ್ (ಉಬುಂಟು ಜೊತೆ ಬಂದ ಬೂಟ್ ಪ್ರೋಗ್ರಾಂ) ಪ್ರಾಂಪ್ಟ್. ಹೆದರಿ ಮೈಸೂರಿನ ಒಂದು ಅಂಗಡಿಗೆ ಒಯ್ದೆ. ಅವನು ಬಯೋಸ್‌ನ ಬೂಟ್ ಪಟ್ಟಿಯಲ್ಲಿ ವಿಂಡೋಸ್ ಬೂಟ್ ಮ್ಯಾನೇಜರ್ ಅನ್ನು ಮೇಲಕ್ಕೆ ತಂದ, ಅಷ್ಟೇ, ಎರಡು ನಿಮಿಷದ ಕೆಲಸಕ್ಕೆ 800 ರೂಪಾಯಿ! ಜಾಗ ಬೇಕಂದ್ರೆ ಫುಲ್ ಫಾರ್ಮ್ಯಾಟ್ ಮಾಡಬೇಕು, ಇನ್ನೊಂದು 1500 ಆಗುತ್ತೆ ಅಂದ. ನಮ್ಮ ಭಾವನೂ ಅದನ್ನೇ ಹೇಳಿದರು. ನನಗೆ ಹಟ ಬಂತು.

ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಸಿ ಮೇಲೆ ರೈಟ್ ಕ್ಲಿಕ್ ಮಾಡಿದರೆ ಎಕ್ಸ್‌ಟೆಂಡ್ (ಡ್ರೈವ್ ಹಿಗ್ಗಿಸುವ ಆಯ್ಕೆ) ಮಸುಕಾಗಿತ್ತು. ಎರಡು ದಿನ ತಲೆ ಕೆಡಿಸಿಕೊಂಡೆ. ಕಾರಣ ಕಣ್ಣೆದುರೇ ಇತ್ತು: ಸಿ ಮತ್ತು ಖಾಲಿ ಜಾಗದ ನಡುವೆ 600 ಎಂಬಿಯ ರಿಕವರಿ ಪಾರ್ಟಿಷನ್ (ವಿಂಡೋಸ್ ಕೆಟ್ಟರೆ ರಿಪೇರಿಗೆ ಬೇಕಾಗುವ ಭಾಗ) ಅಡ್ಡ ಕೂತಿತ್ತು. ಖಾಲಿ ಜಾಗ ಪಕ್ಕದಲ್ಲೇ ಇಲ್ಲದಿದ್ದರೆ ವಿಂಡೋಸ್ ಸಿ ಅನ್ನು ಬೆಳೆಸುವುದಿಲ್ಲ, ನಡುವೆ ಇರುವುದನ್ನು ಸರಿಸುವುದೂ ಇಲ್ಲ.

ಕೆಲಸದ ಫೈಲೆಲ್ಲ ಹೊರಗಿನ ಡಿಸ್ಕ್‌ಗೆ ಹಾಕಿಕೊಂಡೆ. ರಿಏಜೆಂಟ್‌ಸಿ ಡಿಸೇಬಲ್ ಕಮಾಂಡ್ (reagentc /disable) ಕೊಟ್ಟು ರಿಕವರಿಯನ್ನು ಸದ್ಯಕ್ಕೆ ನಿಲ್ಲಿಸಿ, ಜಿಪಾರ್ಟೆಡ್ (ಪಾರ್ಟಿಷನ್ ಸರಿಸುವ ತಂತ್ರಾಂಶ) ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ರಿಕವರಿಯನ್ನು ಡಿಸ್ಕಿನ ಕೊನೆಗೆ ಎಳೆದೆ. ಒಂದೆರಡು ನಿಮಿಷ ಹಿಡಿಯಿತು ಅಷ್ಟೇ, ಆದರೆ ಅಷ್ಟು ಹೊತ್ತೂ ಕರೆಂಟ್ ಹೋಗದಿರಲಪ್ಪ ಅಂತ ಬೇಡಿಕೊಳ್ಳುತ್ತಿದ್ದೆ (ನನ್ನ ಲ್ಯಾಪ್‌ಟಾಪ್‌ನ ಬ್ಯಾಟರಿ ಸತ್ತು ವರ್ಷವಾಗಿದೆ). ವಿಂಡೋಸ್‌ಗೆ ವಾಪಸ್ ಬಂದರೆ ಎಕ್ಸ್‌ಟೆಂಡ್ ಕಪ್ಪಗೆ ಎದ್ದು ಕಾಣುತ್ತಿತ್ತು. ಒತ್ತಿದೆ, ಅರೆಗಳಿಗೆಯಲ್ಲಿ ಸಿ ದೊಡ್ಡದಾಯಿತು. ಆಮೇಲೆ ರಿಏಜೆಂಟ್‌ಸಿ ಎನೇಬಲ್. ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ) ಇರುವವರು ಮೊದಲೇ ಆಫ್ ಮಾಡಿ, ಕೀ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಜಿಪಾರ್ಟೆಡ್ ಇಲ್ಲದೆಯೂ ಒಂದು ದಾರಿ ಇದೆ, ಅದನ್ನು ಅಂಗಡಿಗೆ ಬಂದು ಟೀ ಕೊಡಿಸಿದವರಿಗೆ ಮಾತ್ರ ತೋರಿಸುತ್ತೇನೆ.

ಕೊನೆಗೆ ಮೌಂಟ್‌ವಾಲ್ (mountvol) ಕಮಾಂಡ್‌ನಿಂದ ಇಎಫ್‌ಐ ಪಾರ್ಟಿಷನ್ (ಬೂಟ್ ಫೈಲುಗಳಿರುವ ಭಾಗ) ತೆರೆದು ಉಬುಂಟು ಫೋಲ್ಡರ್ ಒಂದನ್ನೇ ಅಳಿಸಿದೆ. ಪಕ್ಕದ ಮೈಕ್ರೋಸಾಫ್ಟ್ ಫೋಲ್ಡರ್ ಮುಟ್ಟಿದರೆ ಮತ್ತೆ 800 ರೂಪಾಯಿಯ ಅಂಗಡಿಯೇ ಗತಿ. ಬೂಟ್ ಮೆನುವಿನಲ್ಲಿ ಉಬುಂಟು ಹೆಸರು ಇನ್ನೂ ಇದೆ, ಒತ್ತಿದರೆ ಒಂದು ಸಲ ಮಿಣುಕಿ ವಿಂಡೋಸ್‌ಗೇ ಬರುತ್ತದೆ. ಇರಲಿ ಅಂತ ಬಿಟ್ಟಿದ್ದೇನೆ.