ಬಿಸಿಯೇರಿದಾಗ ಮಂಕಾಗುವ ಗೆರೆ: ಹಳೆಯ ಆಸಿಲೋಸ್ಕೋಪಿನ ಹೈ ವೋಲ್ಟೇಜ್ ದೋಷವನ್ನು ಪತ್ತೆಹಚ್ಚಿದ ಬಗೆ

ಗುಜರಿ ವ್ಯಾಪಾರಿಯೊಬ್ಬರಿಂದ ನಾನು ಕೊಂಡ ಟೆಕ್ಟ್ರಾನಿಕ್ಸ್ 547 ಆಸಿಲೋಸ್ಕೋಪು, ಅಂದರೆ ವಿದ್ಯುತ್ ತರಂಗಗಳನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಉಪಕರಣ, 1960ರ ದಶಕದ ಯಂತ್ರ. ವಾಲ್ವು, ಟ್ರಾನ್ಸಿಸ್ಟರುಗಳೆರಡೂ ಇರುವ ಇದನ್ನು ಇಬ್ಬರು ಸೇರಿಯೇ ಮೇಜಿನ ಮೇಲಿಡಬೇಕು. ಸ್ವಿಚ್ ಹಾಕಿದ ಮೊದಲ ಅರ್ಧ ಗಂಟೆ ಪರದೆಯ ಮೇಲಿನ ಗೆರೆ ಸಣ್ಣದಾಗಿ, ಚೊಕ್ಕವಾಗಿ ಕಾಣುತ್ತಿತ್ತು. ಆಮೇಲೆ ಗೆರೆ ದಪ್ಪವಾಗಿ ಮಂಕಾಗುತ್ತಿತ್ತು, ಚಿತ್ರ ಎಲ್ಲ ದಿಕ್ಕಿಗೂ ಹಿಗ್ಗುತ್ತಿತ್ತು, ಕೊನೆಗೆ ಏನೂ ಉಳಿಯುತ್ತಿರಲಿಲ್ಲ. ಆರಿಸಿ ತಣ್ಣಗಾಗಲು ಬಿಟ್ಟರೆ ಮತ್ತೆ ಮೊದಲಿನಂತೆಯೇ ಸರಿಯಾಗುತ್ತಿತ್ತು.

ಇಲ್ಲಿ ಗಮನಿಸಬೇಕಾದದ್ದು ಮಂಕಾಗುವುದನ್ನಲ್ಲ, ಹಿಗ್ಗುವುದನ್ನು. ಗೆರೆ ಮಂಕಾಗಲು ಹತ್ತು ಕಾರಣಗಳಿರಬಹುದು; ಆದರೆ ಮಂಕಾಗುವುದರ ಜೊತೆಗೆ ಚಿತ್ರವೂ ದೊಡ್ಡದಾಗುತ್ತಿದ್ದರೆ ಎಲೆಕ್ಟ್ರಾನುಗಳ ವೇಗ ಕಡಿಮೆಯಾಗಿದೆಯೆಂದೂ, ಆದ್ದರಿಂದಲೇ ಡಿಫ್ಲೆಕ್ಷನ್ ಪ್ಲೇಟುಗಳು ಅವನ್ನು ಹೆಚ್ಚು ಬಾಗಿಸುತ್ತಿವೆಯೆಂದೂ ತಿಳಿಯಬೇಕು. ಯಂತ್ರದೊಳಗೇ ಇರುವ ಕ್ಯಾಲಿಬ್ರೇಟರಿನ ಚೌಕ ತರಂಗವನ್ನು ಪರದೆಗೆ ತಂದು, ಅದರ ಎತ್ತರವನ್ನು ಆಗಾಗ ಬರೆದಿಟ್ಟುಕೊಂಡರೆ ಹೈ ವೋಲ್ಟೇಜ್ ಇಳಿಯುತ್ತಿರುವುದು ಪೆಟ್ಟಿಗೆಯ ಮುಚ್ಚಳ ತೆಗೆಯುವ ಮೊದಲೇ ಗೊತ್ತಾಗುತ್ತದೆ.

ಈ ಯಂತ್ರದಲ್ಲಿ ಪಿಕ್ಚರ್ ಟ್ಯೂಬಿನಲ್ಲಿ ಎಲೆಕ್ಟ್ರಾನುಗಳು ಹೊರಡುವ ಕ್ಯಾಥೋಡಿಗೆ -1850 ವೋಲ್ಟ್, ಅವನ್ನು ಪರದೆಯ ಕಡೆಗೆ ಸೆಳೆಯುವ ಆನೋಡಿಗೆ ಸುಮಾರು +8150 ವೋಲ್ಟ್, ಒಟ್ಟು 10,000 ವೋಲ್ಟ್ ಬೇಕು. ಆಸಿಲೇಟರ್ ವಾಲ್ವೊಂದು ಹತ್ತಾರು ಕಿಲೋಹರ್ಟ್ಸ್‌ನಲ್ಲಿ ಒಂದು ಟ್ರಾನ್ಸ್‌ಫಾರ್ಮರನ್ನು ನಡೆಸುತ್ತದೆ. 5642 ಎಂಬ ಕಿರುಬೆರಳಿನಷ್ಟೂ ಇಲ್ಲದ ವಾಲ್ವುಗಳು ಅದರಿಂದ ಬಂದದ್ದನ್ನು ಡಿಸಿಯಾಗಿ ಮಾಡುತ್ತವೆ. -1850 ವೋಲ್ಟಿನ ಒಂದು ಪಾಲು ರೆಸಿಸ್ಟರುಗಳ ಸರಪಳಿಯ ಮೂಲಕ ಹಿಂದಕ್ಕೆ ಬಂದು, ಆಸಿಲೇಟರ್ ವಾಲ್ವಿನ ಶಕ್ತಿಯನ್ನು ಹೆಚ್ಚುಕಡಿಮೆ ಮಾಡುವ ಒಳಜಾಲರಿಯಾದ ಸ್ಕ್ರೀನ್ ಗ್ರಿಡ್ಡಿನ ವೋಲ್ಟೇಜನ್ನು ಏರಿಸಿ ಇಳಿಸಿ ಹೈ ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ಹಿಡಿದಿಡುತ್ತದೆ.

ಹೈ ವೋಲ್ಟೇಜ್ ಪೆಟ್ಟಿಗೆಗೆ ಕೈ ಹಾಕುವ ಮೊದಲು ನಾನು -150, +100, +225, +350 ವೋಲ್ಟುಗಳ ಸಪ್ಲೈಗಳನ್ನು ನೋಡಿದೆ. ಉಳಿದವೆಲ್ಲ -150ನ್ನೇ ಆಧಾರವಾಗಿ ಹಿಡಿದಿರುವುದರಿಂದ ಅದು ಸರಿಯಿಲ್ಲದೆ ಮುಂದಿನ ಯಾವ ಅಳತೆಗೂ ಅರ್ಥವಿಲ್ಲ. ಜೀವಕ್ಕೆ ಹೆಚ್ಚು ಅಪಾಯವಿರುವುದೂ ಈ ಸಪ್ಲೈಗಳಿಂದಲೇ ಎಂಬುದು ನನ್ನ ಅಭಿಪ್ರಾಯ. ಎಂಟು ಸಾವಿರ ವೋಲ್ಟಿನ ಹೆಸರು ಕೇಳಿ ಎಲ್ಲರೂ ಹೆದರುತ್ತಾರೆ, ಆದರೆ ದೊಡ್ಡ ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರುಗಳನ್ನು ಬೆನ್ನಿಗಿಟ್ಟುಕೊಂಡ 350 ವೋಲ್ಟಿಗೆ ಯಾರೂ ಅಷ್ಟು ಹೆದರುವುದಿಲ್ಲ. ಎಡಗೈಯನ್ನು ಜೇಬಿನಲ್ಲಿಟ್ಟುಕೊಂಡೇ ಅಳೆಯುವುದು, ಆರಿಸಿದ ಮೇಲೆ ಕೆಪ್ಯಾಸಿಟರುಗಳನ್ನು ಸ್ಕ್ರೂಡ್ರೈವರಿನಿಂದ ಚಟ್ಟನೆ ಶಾರ್ಟ್ ಮಾಡದೆ ರೆಸಿಸ್ಟರಿನ ಮೂಲಕ ಖಾಲಿ ಮಾಡಿ, ಖಾಲಿಯಾಗಿದೆಯೆಂದು ಮೀಟರಿನಲ್ಲಿ ನೋಡಿಕೊಳ್ಳುವುದು ನನ್ನ ರೂಢಿ.

ಸಾಮಾನ್ಯ ಡಿಜಿಟಲ್ ಮಲ್ಟಿಮೀಟರಿನ ಮಿತಿ 1000 ವೋಲ್ಟ್. ಅದನ್ನು -1850ಕ್ಕೆ ಹಚ್ಚುವುದು ಅಪಾಯವಷ್ಟೇ ಅಲ್ಲ, ಅದರ 10 ಮೆಗಾಓಮ್ ಆ ಸರ್ಕ್ಯೂಟಿನಿಂದ 185 ಮೈಕ್ರೊಆಂಪಿಯರ್ ಎಳೆದು ಅಳತೆಯನ್ನೇ ಕೆಡಿಸಬಹುದು. 1000 ಮೆಗಾಓಮಿನ ಹೈ ವೋಲ್ಟೇಜ್ ಪ್ರೋಬ್ ಎಳೆಯುವುದು 2 ಮೈಕ್ರೊಆಂಪಿಯರಿಗೂ ಕಡಿಮೆ. ಆದರೂ ಪ್ರೋಬಿನಿಂದ ತಿಳಿಯುವುದು ವೋಲ್ಟೇಜ್ ಬಿದ್ದಿದೆ ಎಂಬುದು ಮಾತ್ರ. ಏಕೆ ಬಿದ್ದಿದೆ ಎಂಬುದನ್ನು ಹೇಳುವುದು ಸ್ಕ್ರೀನ್ ಗ್ರಿಡ್ಡು. ಅದನ್ನು ಸಾಮಾನ್ಯ ಮೀಟರಿನಲ್ಲೇ ಅಳೆಯಬಹುದು. ಯಂತ್ರ ಆರಿದ್ದಾಗಲೇ ಕ್ಲಿಪ್ ಸಿಕ್ಕಿಸಿ, ಆಮೇಲೆ ಸ್ವಿಚ್ ಹಾಕಿ ದೂರ ಕುಳಿತು ನೋಡುತ್ತಾ ಹೋದೆ. -1850 ಅಲುಗದೆ ನಿಂತಿದ್ದಾಗಲೂ ಸ್ಕ್ರೀನ್ ವೋಲ್ಟೇಜ್ ಮಾತ್ರ ಜ್ವರದಂತೆ ನಿಧಾನವಾಗಿ ಏರುತ್ತಲೇ ಇತ್ತು. ಇನ್ನು ಏರಲು ಜಾಗವಿಲ್ಲದಂತಾದ ಕ್ಷಣದಿಂದಲೇ -1850 ಕುಸಿಯತೊಡಗಿತು. ಪರದೆಯ ಮೇಲೆ ಏನೂ ಕಾಣುವ ಮೊದಲೇ ಯಾವುದೋ ಒಂದು ಭಾಗ ಹೆಚ್ಚು ಹೆಚ್ಚು ಶಕ್ತಿಯನ್ನು ನುಂಗುತ್ತಿತ್ತು ಎಂದಾಯಿತು.

ಆ ಭಾಗ ಯಾವುದು? ರೆಸಿಸ್ಟರುಗಳ ಸರಪಳಿಯ ಮೇಲೆ ಅನುಮಾನ ಪಡಬೇಕಾಗಲಿಲ್ಲ. ಅಲ್ಲಿಯ ಹಳೆಯ ರೆಸಿಸ್ಟರುಗಳ ಓಮ್ ಮೌಲ್ಯ ಏರಿದರೆ ಹೈ ವೋಲ್ಟೇಜ್ ಹೆಚ್ಚಾಗುತ್ತದೆಯೇ ಹೊರತು ಬೀಳುವುದಿಲ್ಲ. ಸೋರುವ ಕೆಪ್ಯಾಸಿಟರ್ ಇರಬಹುದೆಂದು +8150ರ ಭಾಗವನ್ನು ಟ್ರಾನ್ಸ್‌ಫಾರ್ಮರಿನಿಂದ ಬಿಡಿಸಿ ನೋಡಿದೆ. -1850ರ ಭಾಗವನ್ನು ಮಾತ್ರ ಬಿಡಿಸಕೂಡದು, ಏಕೆಂದರೆ ಅದಿಲ್ಲದಿದ್ದರೆ ಆಸಿಲೇಟರಿಗೆ ಲಗಾಮೇ ಇರುವುದಿಲ್ಲ. +8150ರ ಭಾಗ ಬಿಡಿಸಿದಾಗ ಸ್ಕ್ರೀನ್ ವೋಲ್ಟೇಜಿನ ಏರಿಕೆ ಸ್ವಲ್ಪ ತಡವಾಯಿತು, ನಿಲ್ಲಲಿಲ್ಲ. ಕೊನೆಗೆ ಯಂತ್ರವನ್ನು ಪೂರ್ತಿ ತಣಿಸಿ, ಆರಿಸಿದ ಸ್ಥಿತಿಯಲ್ಲೇ ಟ್ರಾನ್ಸ್‌ಫಾರ್ಮರಿಗೆ ಮಾತ್ರ ಹೇರ್ ಡ್ರೈಯರಿನ ಬಿಸಿಗಾಳಿ ಕೊಟ್ಟು ಸ್ವಿಚ್ ಹಾಕಿದೆ. ವಾಲ್ವುಗಳು ಕಾಯುವಷ್ಟರಲ್ಲೇ ಸ್ಕ್ರೀನ್ ವೋಲ್ಟೇಜ್ ಮೇಲಿನ ಮಿತಿಯಲ್ಲಿತ್ತು. ಟ್ರಾನ್ಸ್‌ಫಾರ್ಮರಿನ ತಂತಿ ಸುತ್ತುಗಳ ನಡುವೆ ತುಂಬಿದ ಎಪಾಕ್ಸಿ ಎಂಬ ಗಟ್ಟಿಯಾಗುವ ಅಂಟು ದಶಕಗಳ ನಂತರ ಬಿಸಿಯಲ್ಲಿ ನಷ್ಟ ಹೆಚ್ಚಿಸುವ ವಸ್ತುವಾಗಿತ್ತು: ನಷ್ಟದಿಂದ ಬಿಸಿ, ಬಿಸಿಯಿಂದ ಮತ್ತಷ್ಟು ನಷ್ಟ. ಇದೇ ಕಾಲದ ಇಂಥ ಟ್ರಾನ್ಸ್‌ಫಾರ್ಮರುಗಳಲ್ಲಿ ಇದು ಬಲ್ಲವರಿಗೆಲ್ಲ ಗೊತ್ತಿರುವ ಮುಪ್ಪು.

ತಾತ್ಕಾಲಿಕ ಉಪಾಯಗಳಿವೆ. 5642ರ ಫಿಲಮೆಂಟುಗಳೂ ಇದೇ ಟ್ರಾನ್ಸ್‌ಫಾರ್ಮರಿನಿಂದ 1.25 ವೋಲ್ಟಿನಲ್ಲಿ 200 ಮಿಲಿಆಂಪಿಯರ್, ಅಂದರೆ ತಲಾ ಕಾಲು ವ್ಯಾಟ್ ಎಳೆಯುವುದರಿಂದ, ಅವುಗಳ ಜಾಗದಲ್ಲಿ ಸಿಲಿಕಾನ್ ಡಯೋಡ್ ಹಾಕಿದರೆ ಹೊರೆ ಇಳಿಯುತ್ತದೆ. ಆದರೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಚಿಲ್ಲರೆ ಕಾಸಿಗೆ ಸಿಗುವ 1ಎನ್4007ಗಳನ್ನು ಸಾಲಾಗಿ ಪೋಣಿಸಿದರಾಗಲಿ, ಮೈಕ್ರೊವೇವ್ ಒಲೆಯ ಡಯೋಡ್ ಹಾಕಿದರಾಗಲಿ ಪ್ರಯೋಜನವಿಲ್ಲ. ಅವು 50 ಹರ್ಟ್ಸ್‌ನ ಕೆಲಸಕ್ಕೆ ಮಾಡಿದವು, ಇಷ್ಟು ವೇಗದ ತರಂಗಕ್ಕೆ ಬೇಗ ಮುಚ್ಚಿಕೊಳ್ಳಲಾರವು. ಫಾಸ್ಟ್ ರಿಕವರಿಯ ಹೈ ವೋಲ್ಟೇಜ್ ಡಯೋಡುಗಳೇ ಬೇಕು, ಅವು ಔಟ್‌ಪುಟ್ಟಿನ ಎರಡರಷ್ಟು ಹಿಮ್ಮುಖ ವೋಲ್ಟೇಜನ್ನು ತಡೆಯಬೇಕು. ನಾನು ಅದನ್ನೂ ಮಾಡಿದೆ. ಯಂತ್ರ ಹೆಚ್ಚು ಹೊತ್ತು ನಡೆಯಿತು, ಆದರೆ ರೋಗ ಅಲ್ಲೇ ಉಳಿಯಿತು.

ಆದ್ದರಿಂದ ಫೆರೈಟ್ ಕೋರನ್ನು ಒಡೆಯದಂತೆ ಬಿಡಿಸಿ, ಹಳೆಯ ಸುತ್ತುಗಳನ್ನು ಎಣಿಸುತ್ತಾ ಬಿಚ್ಚಿ, ರೇಡಿಯೋ ಕಾಯಿಲ್ ಸುತ್ತುವ ಕೈಯಂತ್ರದಲ್ಲಿ ಹೊಸ ಸುತ್ತುಗಳನ್ನು ಹಾಕಿದೆ. ಎಪಾಕ್ಸಿಯ ಬದಲು ತೆಳುವಾಗಿ ಸಿಲಿಕೋನ್ ವಾರ್ನಿಷ್ ಹಚ್ಚಿದೆ. ಎಣಿಕೆಗಿಂತ ಹೆಚ್ಚು ತಾಳ್ಮೆ ಬೇಕಾದದ್ದು ತುದಿಗಳನ್ನು ಹೊರತರುವಲ್ಲಿ. ಅಲ್ಲಿ ಚೂಪಾದ ಬೆಸುಗೆ ಉಳಿದರೆ ಕರೋನಾ, ಅಂದರೆ ಗಾಳಿಗೆ ವಿದ್ಯುತ್ ಸೋರುವಿಕೆ, ಹೊರಡುತ್ತದೆ. ಕತ್ತಲೆಯಲ್ಲಿ ನೇರಳೆ ಬೆಳಕು ಕಾಣುವುದಕ್ಕೂ ಮೊದಲೇ ಅದು ಓಝೋನಿನ ವಾಸನೆಯಾಗಿ ಮೂಗಿಗೆ ತಿಳಿಯುತ್ತದೆ.

ಈಗ ಮುಚ್ಚಳ ಹಾಕಿ ಇಡೀ ಮಧ್ಯಾಹ್ನ ನಡೆಸಿದರೂ ಸ್ಕ್ರೀನ್ ವೋಲ್ಟೇಜ್ ಮೊದಲು ನಿಂತಲ್ಲೇ ನಿಲ್ಲುತ್ತದೆ. ಇನ್ನುಳಿದದ್ದು ಹೈ ವೋಲ್ಟೇಜನ್ನು ಪ್ರೋಬ್ ನೋಡಿ ಸರಿಯಾಗಿ -1850ಕ್ಕೆ ಹೊಂದಿಸಿ, ಆಮೇಲೆ ವರ್ಟಿಕಲ್ ಗೇನ್ ಮತ್ತು ಸ್ವೀಪ್ ಸಮಯಗಳನ್ನು ಹೊಸದಾಗಿ ಕ್ಯಾಲಿಬ್ರೇಟ್ ಮಾಡುವುದು. ಹೈ ವೋಲ್ಟೇಜ್ ಕದಲಿದರೆ ಇವೆರಡೂ ಕದಲುವುದರಿಂದ ಈ ಕ್ರಮವನ್ನು ಹಿಂದುಮುಂದು ಮಾಡುವಂತಿಲ್ಲ.