ಹಿಂಡಿ ದಾಟಿದರೆ ಪೀನಟ್ ಬಟರ್, ಅದರಾಚೆ ಮಿಲ್ಕ್‌ಶೇಕ್

ನಮ್ಮ ಮನೆ ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ. ಮೇ ತಿಂಗಳ ಮಧ್ಯಾಹ್ನ ಲೋಕಲ್ ರೈಲಿನಲ್ಲಿ ನಿಂತುಕೊಂಡು ಬಂದು ಬಾಗಿಲು ತೆಗೆದರೆ ಚಪ್ಪಲಿ ಬಿಡುವ ಮೊದಲೇ ಕೈ ಫ್ರಿಜ್ ಕಡೆ ಹೋಗುತ್ತದೆ. ಜಿಮ್‌ನಿಂದ ಬರುವ ಮಗನದ್ದೂ ಅದೇ ಕಥೆ. ಅವನಿಗೆ ಪೀನಟ್ ಬಟರ್ ಮಿಲ್ಕ್‌ಶೇಕ್ ಹುಚ್ಚು. ಒಂದು ದಿನ ಜಿಮ್ ಪಕ್ಕದ ಅಂಗಡಿಯಲ್ಲಿ ನಾನೂ ಕುಡಿದು ನೋಡಿದೆ. ಐಸ್‌ಕ್ರೀಮ್ ಇತ್ತು, ಸಕ್ಕರೆ ಇತ್ತು, ಮೇಲೆ ಚಾಕಲೇಟ್ ಸಾಸ್ ಕೂಡ ಇತ್ತು. ಶೇಂಗಾ ಮಾತ್ರ ಹುಡುಕಬೇಕಾಯಿತು.

ನಾನು ವಿಜಯಪುರದ ಕಡೆಯವಳು. ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ, ಇಲ್ಲದೆ ರೊಟ್ಟಿ ಊಟ ಗೊತ್ತಿಲ್ಲದ ಮನೆ ನಮ್ಮದು. ಹಿಂಡಿ ಕುಟ್ಟುವಾಗ ಅವ್ವ ಪ್ರತಿ ಸಲ ಹೇಳುತ್ತಿದ್ದಳು: "ಭಾಳ ಕುಟ್ಟಬ್ಯಾಡ, ಎಣ್ಣಿ ಬಿಡ್ತದ." ಪೀನಟ್ ಬಟರ್ ಎಂದರೆ ಬೇರೇನೂ ಅಲ್ಲ. ಅವ್ವನ ಮಾತು ಕೇಳದೆ ಕುಟ್ಟುತ್ತಲೇ ಹೋದರೆ ಸಿಗುವುದು ಅದೇ.

ಇನ್ನು ಬಾಳೆಹಣ್ಣು, ಹಾಲು. ಅದು ನಮ್ಮ ಸೀಕರಣೆ. ಪಕ್ಕದ ಮನೆಯ ಮರಾಠಿ ಆಜಿಗೆ ಅದೇ ಶಿಕರಣ. ಪೀನಟ್ ಬಟರ್, ಸೀಕರಣೆ ಎರಡನ್ನೂ ಮಿಕ್ಸಿಗೆ ಹಾಕಿ ತಿರುಗಿಸಿದರೆ ಮಗ ದುಡ್ಡು ಕೊಟ್ಟು ಕುಡಿಯುವ ಶೇಕ್ ಆಯಿತು. ಹಾಗಾಗಿ ಇದನ್ನು ಹೊಸ ಅಡುಗೆ ಎಂದುಕೊಂಡು ಹೆದರುವುದು ಬೇಡ.

ಬಟರ್ ಎಂದು ಹೆಸರಿದ್ದರೂ ಇದರಲ್ಲಿ ಬೆಣ್ಣೆ ಒಂದು ಚೂರೂ ಇಲ್ಲ. ಶೇಂಗಾದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಎಣ್ಣೆಯೇ ಇರುತ್ತದೆ. ಅದು ಹೊರಗೆ ಬಂದು ಹಿಟ್ಟನ್ನು ಮೆತ್ತಗೆ ಮಾಡುತ್ತದೆ, ಅಷ್ಟೇ. ಹುರಿದ ಶೇಂಗಾ ಅರೆದು ಇಂಥ ಪೇಸ್ಟ್ ಮಾಡುವುದಕ್ಕೆ 1884ರಲ್ಲಿ ಕೆನಡಾದ ಮಾಂಟ್ರಿಯಲ್‌ನ ಮಾರ್ಸೆಲಸ್ ಎಡ್ಸನ್ ಎಂಬವರು ಅಮೆರಿಕದಲ್ಲಿ ಪೇಟೆಂಟ್ ಪಡೆದರು. ನಮ್ಮ ಅವ್ವಂದಿರು ಎಣ್ಣೆ ಬಿಟ್ಟ ಹಿಂಡಿಯನ್ನು ಕೆಟ್ಟುಹೋಯಿತು ಅಂದುಕೊಂಡರು. ಎಡ್ಸನ್ ಪೇಟೆಂಟ್ ಮಾಡಿಸಿದರು!

ಮೊದಲು ಶೇಂಗಾ

ಕಾಲು ಕಿಲೋ ಹಸಿ ಶೇಂಗಾ ಸಾಕು. ನಾವು ಶೇಂಗಾ ಅನ್ನುತ್ತೇವೆ, ಮೂರನೇ ಮಹಡಿಯ ಉಡುಪಿ ಕಡೆಯ ಅಕ್ಕ ನೆಲಕಡಲೆ ಅನ್ನುತ್ತಾರೆ, ಬೆಂಗಳೂರಿನ ನಾದಿನಿಗೆ ಅದು ಕಡಲೆಬೀಜ. ಇಲ್ಲಿನ ಕಿರಾಣಿ ಅಂಗಡಿಯಲ್ಲಿ ಮಾತ್ರ ಶೇಂಗದಾಣಾ ಎನ್ನಬೇಕು. ಉದ್ದನೆಯ ದಪ್ಪ ಕಾಳು, ಸಣ್ಣ ಗುಂಡು ಕಾಳು, ಎರಡರಲ್ಲೂ ಆಗುತ್ತದೆ.

ಕಾಳು ಆರಿಸುವ ಕೆಲಸವನ್ನು ದಯವಿಟ್ಟು ಹಾರಿಸಬೇಡಿ. ಮುಂಬೈ ಮಳೆಗಾಲ ನಿಮಗೆ ಗೊತ್ತೇ ಇದೆ. ಡಬ್ಬದೊಳಗಿನ ಉಪ್ಪೂ ನೀರಾಗುತ್ತದೆ. ತೇವ ತಾಗಿದ ಶೇಂಗಾಕ್ಕೆ ಬರುವ ಬೂಸ್ಟಿನಿಂದ ಅಫ್ಲಟಾಕ್ಸಿನ್ ಎಂಬ ವಿಷ ಆಗಬಹುದು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಟರ್ಕಿ ಕೋಳಿಗಳು ಸತ್ತವು. ಕಾರಣ ಹುಡುಕಿದಾಗ ಸಿಕ್ಕಿದ್ದು ಅವುಗಳ ಮೇವಿನಲ್ಲಿದ್ದ ಬೂಸ್ಟು ಹಿಡಿದ ಶೇಂಗಾ ಹಿಂಡಿ (ನಮ್ಮ ಚಟ್ನಿಪುಡಿಯಲ್ಲ, ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿ). ಈ ವಿಷದ ಪತ್ತೆಯಾದದ್ದೇ ಹಾಗೆ. ಮನೆಯಲ್ಲಿ ಹುರಿದರೆ ಇದು ಪೂರ್ತಿ ಹೋಗುವುದಿಲ್ಲ. ಆದ್ದರಿಂದ ಕಪ್ಪಾದ, ಸುಕ್ಕಾದ, ಹಸಿರು ಬೂಸ್ಟು ಕಾಣುವ ಕಾಳು ಕಸದ ಬುಟ್ಟಿಗೆ. ಒಂದು ಕಾಳು ಬಾಯಿಗೆ ಹಾಕಿಕೊಂಡಾಗ ಕಹಿಯಾದರೆ ಚೀಲವನ್ನೇ ಅಂಗಡಿಗೆ ವಾಪಸ್ ಕೊಡಿ.

ಹುರಿಯುವುದರಲ್ಲೇ ಎಲ್ಲ ಇದೆ

ಶೇಕ್‌ನ ರುಚಿ ಮಿಕ್ಸಿಯಲ್ಲಿ ಹುಟ್ಟುವುದಲ್ಲ, ಬಾಣಲೆಯಲ್ಲಿ ಹುಟ್ಟುತ್ತದೆ. ದಪ್ಪ ತಳದ ಬಾಣಲೆ ಇಟ್ಟು, ಸಣ್ಣ ಉರಿಯಲ್ಲಿ 12ರಿಂದ 15 ನಿಮಿಷ ಹುರಿಯಿರಿ. ಕೈ ಬಿಡಬಾರದು. ಉರಿ ಜೋರು ಮಾಡಿದರೆ ಸಿಪ್ಪೆ ಮೇಲೆ ಕಪ್ಪು ಚುಕ್ಕೆ ಬೀಳುತ್ತದೆ, ಒಳಗೆ ಹಸಿ ಹಾಗೇ ಉಳಿಯುತ್ತದೆ. ಹಸಿ ಉಳಿದ ಶೇಂಗಾ ಹಾಲಿಗೆ ಬಿದ್ದರೆ ಶೇಕ್ ಹಸಿ ಅವರೆಕಾಳಿನ ವಾಸನೆ ಹೊಡೆಯುತ್ತದೆ. ಜಾಸ್ತಿ ಹುರಿದರೆ ಕಹಿ. ಅದನ್ನು ಯಾವ ಸಕ್ಕರೆಯೂ ಮುಚ್ಚುವುದಿಲ್ಲ.

ಹದ ನೋಡುವುದು ಹೀಗೆ: ಚಟಪಟ ಸದ್ದು ಕಡಿಮೆಯಾಗುತ್ತಾ ಬರುತ್ತದೆ, ವಾಸನೆ ಹಾಲ್‌ವರೆಗೆ ಬರುತ್ತದೆ. ಆಗ ಒಂದು ಕಾಳು ತೆಗೆದು, ಆರಿಸಿ, ಎರಡು ಹೋಳು ಮಾಡಿ ನೋಡಿ. ಒಳಮೈ ತಿಳಿ ಹೊಂಬಣ್ಣ ಇರಬೇಕು. ಬಿಸಿಯಿರುವಾಗ ಕಚ್ಚಿದರೆ ಮೆತ್ತಗೇ ಇರುತ್ತದೆ, ಇನ್ನೂ ಹುರಿಯಬೇಕು ಅನಿಸುತ್ತದೆ. ಮೋಸಹೋಗಬೇಡಿ, ಆರಿದ ಮೇಲೆಯೇ ಗರಿಗರಿ. ಉರಿ ಆರಿಸಿದ ಕೂಡಲೇ ತಟ್ಟೆಗೆ ಸುರಿಯಿರಿ. ಬಾಣಲೆಯಲ್ಲೇ ಬಿಟ್ಟರೆ ಅದರ ಕಾವಿಗೆ ಹುರಿಯುತ್ತಲೇ ಇರುತ್ತದೆ.

ಮೈಕ್ರೋವೇವ್ ಇದ್ದವರು ನಿಮಿಷಕ್ಕೊಮ್ಮೆ ಕೈಯಾಡಿಸುತ್ತಾ 4–5 ನಿಮಿಷ ಇಡಬಹುದು. ಕೆಲಸ ಆಗುತ್ತದೆ, ಬಾಣಲೆಯ ಘಮ ಬರುವುದಿಲ್ಲ.

ಮುಟ್ಟುವಷ್ಟು ಆರಿದ ಮೇಲೆ ದಪ್ಪ ಬಟ್ಟೆಯಲ್ಲಿ ಹಾಕಿ ಉಜ್ಜಿ ಸಿಪ್ಪೆ ಬಿಡಿಸಿ. ಊರಿನಲ್ಲಾದರೆ ಅಂಗಳದಲ್ಲಿ ನಿಂತು ಮೊರದಲ್ಲಿ ಕೇರಿದರೆ ಮುಗಿಯಿತು. ಫ್ಲ್ಯಾಟಿನಲ್ಲಿ ಹಾಗಲ್ಲ. ನಾನು ಒಮ್ಮೆ ಕಿಟಕಿಯಲ್ಲಿ ಕೇರಿ, ಕೆಳಗಿನ ಮನೆಯವರು ಒಣಗಿಸಿದ್ದ ಬಿಳಿ ಶರ್ಟಿನ ತುಂಬಾ ಕೆಂಪು ಸಿಪ್ಪೆ ಅಂಟಿಸಿ, ಇಳಿದು ಹೋಗಿ ಕ್ಷಮೆ ಕೇಳಿ ಬಂದಿದ್ದೇನೆ. ಈಗ ರಂಧ್ರದ ಜರಡಿಯಲ್ಲಿ ಹಾಕಿ ಸಿಂಕ್‌ನೊಳಗೇ ಅಲ್ಲಾಡಿಸುತ್ತೇನೆ. ಸ್ವಲ್ಪ ಸಿಪ್ಪೆ ಉಳಿದರೆ ಚಿಂತೆಯಿಲ್ಲ, ಬಣ್ಣ ತುಸು ಕಂದಾಗುತ್ತದೆ ಅಷ್ಟೇ.

ಅರೆಯುವಾಗ ತಾಳ್ಮೆ

ಶೇಂಗಾ ಉಗುರುಬೆಚ್ಚಗೆ ಇರುವಾಗಲೇ ಅರೆಯಬೇಕು. ಬೆಚ್ಚಗಿದ್ದರೆ ಎಣ್ಣೆ ಬೇಗ ಬಿಡುತ್ತದೆ. ಚಟ್ನಿ ಜಾರ್ ಒಳ್ಳೆಯದು. ಜಾರ್ ಪೂರ್ತಿ ಒಣಗಿರಬೇಕು. ಒಂದು ಹನಿ ನೀರು ಬಿದ್ದರೂ ಕೆಲಸ ಕೆಡುತ್ತದೆ. ಯಾಕೆ ಎಂದು ಆಮೇಲೆ ಹೇಳುತ್ತೇನೆ.

30 ಸೆಕೆಂಡ್ ತಿರುಗಿಸಿ, ನಿಲ್ಲಿಸಿ. ಚಮಚದಿಂದ ಗೋಡೆಗೆ ಅಂಟಿದ್ದನ್ನು ಕೆರೆದು ಕೆಳಗೆ ತಳ್ಳಿ. ಮತ್ತೆ 30 ಸೆಕೆಂಡ್. ಮೊದಲು ಪುಡಿಯಾಗುತ್ತದೆ. ಇದು ಮರಾಠಿಯವರ ದಾಣ್ಯಾಚಾ ಕೂಟ್. ಇಲ್ಲಿನ ಅರ್ಧ ಅಡುಗೆ ನಿಂತಿರುವುದೇ ಇದರ ಮೇಲೆ. ಆಮೇಲೆ ಒದ್ದೆ ಮರಳಿನ ಹಾಗೆ ಉಂಡೆಗಟ್ಟುತ್ತದೆ. ಅವ್ವ ಹೆದರುತ್ತಿದ್ದ ಹಂತ ಇದೇ. ಆಮೇಲೆ ಒಂದು ದೊಡ್ಡ ಮುದ್ದೆಯಾಗಿ ಬ್ಲೇಡಿನ ಮೇಲೆ ಸುಮ್ನೆ ಕೂತುಬಿಡುತ್ತದೆ. ಮಿಕ್ಸಿ ಗೊರಗೊರ ಅನ್ನುತ್ತದೆ. ಜಾಸ್ತಿ ಜನ ಇಲ್ಲೇ ಸೋತು ನೀರೋ ಹಾಲೋ ಹಾಕಿಬಿಡುತ್ತಾರೆ. ಹಾಕಬೇಡಿ. ಮುದ್ದೆ ಒಡೆದು, ಎರಡು ನಿಮಿಷ ಮಿಕ್ಸಿಗೆ ವಿರಾಮ ಕೊಟ್ಟು, ಮತ್ತೆ ತಿರುಗಿಸಿ. ಇದ್ದಕ್ಕಿದ್ದಂತೆ ಹೊಳಪು ಬಂದು, ಮುದ್ದೆ ಕರಗಿ, ದೋಸೆ ಹಿಟ್ಟಿನ ಹಾಗೆ ಹರಿಯಲು ಶುರುವಾಗುತ್ತದೆ. ವಿರಾಮಗಳೂ ಸೇರಿ ಒಟ್ಟು 10–12 ನಿಮಿಷ ಹಿಡಿಯಬಹುದು.

ನನ್ನ ಮೊದಲ ಸಲ ಮಿಕ್ಸಿ ನಡುವೆಯೇ ನಿಂತುಹೋಯಿತು. ಸುಟ್ಟೇ ಹೋಯಿತು ಎಂದು ಗಾಬರಿಯಾದೆ. ಹಾಗಲ್ಲ, ಮೋಟಾರ್ ಬಿಸಿಯಾದರೆ ತಾನಾಗಿ ನಿಲ್ಲುವ ಏರ್ಪಾಡು ತುಂಬಾ ಮಿಕ್ಸಿಗಳಲ್ಲಿ ಇದೆ. ಪ್ಲಗ್ ತೆಗೆದು, ಅರ್ಧ ಗಂಟೆ ಆರಲು ಬಿಟ್ಟು, ತಳದಲ್ಲಿರುವ ಸಣ್ಣ ಕೆಂಪು ಗುಂಡಿ ಒತ್ತಿದರೆ ಮತ್ತೆ ಓಡುತ್ತದೆ. ಹಳೆ ಮಿಕ್ಸಿಯಾದರೆ ಒಂದೆರಡು ಚಮಚ ಶೇಂಗಾ ಎಣ್ಣೆ ಹಾಕಿ ಅದರ ಕಷ್ಟ ಕಡಿಮೆ ಮಾಡಿ.

ಕೊನೆಗೆ ಕಾಲು ಚಮಚ ಉಪ್ಪು. ಬೆಲ್ಲ, ಜೇನುತುಪ್ಪ ಈಗ ಬೇಡ. ಕಾರಣ ಅದೇ ನೀರಿನ ವಿಷಯ. ಎಣ್ಣೆಯಲ್ಲಿ ತೇಲುವ ಶೇಂಗಾ ಹಿಟ್ಟಿಗೆ ಸ್ವಲ್ಪ ನೀರಿನ ಅಂಶ ತಾಗಿದರೂ ಹಿಟ್ಟು ಅದನ್ನು ಹೀರಿ ಬಿಗಿಯಾಗಿ ಮುದ್ದೆಗಟ್ಟುತ್ತದೆ. ಜೇನುತುಪ್ಪದಲ್ಲೂ ನೀರಿದೆ, ಬೆಲ್ಲದಲ್ಲೂ ತೇವ ಇದೆ. ಸಿಹಿಯೇನಿದ್ದರೂ ಶೇಕ್ ಮಾಡುವಾಗ.

ಗಾಜಿನ ಬಾಟಲಿಗೆ ತುಂಬಿ ಫ್ರಿಜ್‌ನಲ್ಲಿ ಇಟ್ಟರೆ ಒಂದು ತಿಂಗಳು ಆರಾಮ. ಒಣ ಚಮಚವನ್ನೇ ಹಾಕಿ. ಮೇಲೆ ಎಣ್ಣೆ ತೇಲಿದರೆ ಚೆಲ್ಲಬೇಡಿ, ಕಲಸಿ. ಅಂಗಡಿಯ ಕೆಲವು ಬಾಟಲಿಗಳಲ್ಲಿ ಎಣ್ಣೆ ತೇಲದಿರುವುದಕ್ಕೆ ಕಾರಣ, ಅದರಲ್ಲಿ ಗಟ್ಟಿಯಾಗುವ ಬೇರೆ ಎಣ್ಣೆ ಸೇರಿಸಿರುತ್ತಾರೆ. ಕೊಳ್ಳುವುದೇ ಆದರೆ ಹಿಂದಿನ ಚೀಟಿ ಓದಿ. ಶೇಂಗಾ, ಉಪ್ಪು ಎರಡೇ ಇದ್ದರೆ ಧಾರಾಳವಾಗಿ ತನ್ನಿ.

ಈಗ ಶೇಕ್

ಎರಡು ಲೋಟಕ್ಕೆ ಬೇಕಾದದ್ದು: ತಣ್ಣನೆ ಹಾಲು 400 ಮಿಲಿ, ಪೀನಟ್ ಬಟರ್ ಎರಡು ದೊಡ್ಡ ಚಮಚ, ಏಲಕ್ಕಿ ಬಾಳೆಹಣ್ಣು ಎರಡು, ಬೀಜ ತೆಗೆದ ಖರ್ಜೂರ ಮೂರು, ಚಿಟಿಕೆ ಉಪ್ಪು, ಐಸ್ ನಾಲ್ಕೈದು ತುಂಡು.

ಹಾಲು ಯಾವುದು? ಶೇಕ್ ಅಂದರೆ ಫುಲ್ ಕ್ರೀಮ್ ಎಂದು ನಾವೆಲ್ಲ ನಂಬಿಕೊಂಡಿದ್ದೇವೆ. ಇದಕ್ಕೆ ಟೋನ್ಡ್ ಹಾಲೇ ಸರಿ ಎನ್ನುವುದು ನನ್ನ ಅನುಭವ. ಫುಲ್ ಕ್ರೀಮ್‌ನಲ್ಲಿ ಕೊಬ್ಬು 6 ಶೇಕಡಾ, ಟೋನ್ಡ್‌ನಲ್ಲಿ 3. ಶೇಂಗಾದ ಎಣ್ಣೆ ಬೇರೆ ಸೇರುವಾಗ 3 ಸಾಕಾಗುತ್ತದೆ. 6 ಆದರೆ ಅರ್ಧ ಲೋಟಕ್ಕೇ ಹೊಟ್ಟೆ ಭಾರ. ಅಂದಹಾಗೆ ಟೋನ್ಡ್ ಹಾಲು ಶುರುವಾದದ್ದು ನಮ್ಮ ಮುಂಬೈಯಲ್ಲೇ, 1946ರಲ್ಲಿ. ದಟ್ಟ ಎಮ್ಮೆ ಹಾಲಿಗೆ ಕೆನೆ ತೆಗೆದ ಹಾಲಿನ ಪುಡಿ, ನೀರು ಸೇರಿಸಿ ಜಾಸ್ತಿ ಜನರಿಗೆ ಮುಟ್ಟಿಸುವ ಆ ಉಪಾಯದ ಹಿಂದೆ ಇದ್ದವರು ದಾರಾ ಖುರೋಡಿ. 1963ರಲ್ಲಿ ಅಮುಲ್‌ನ ವರ್ಗೀಸ್ ಕುರಿಯನ್, ತ್ರಿಭುವನದಾಸ್ ಪಟೇಲರ ಜೊತೆ ಮ್ಯಾಗ್ಸೆಸೆ ಪ್ರಶಸ್ತಿ ಪಡೆದದ್ದೂ ಇವರೇ.

ಹಾಲು ಕಾಯಿಸಿ ಫ್ರಿಜ್‌ನಲ್ಲಿಟ್ಟಿದ್ದರೆ ಕೆನೆ ಸೋಸಿ ತೆಗೆಯಿರಿ. ಇಲ್ಲವಾದರೆ ಮಿಕ್ಸಿಯಲ್ಲಿ ಅದು ಬೆಣ್ಣೆಯಾಗಿ ಚೂರುಚೂರಾಗಿ ಬಾಯಿಗೆ ಸಿಗುತ್ತದೆ. ಖರ್ಜೂರವನ್ನು ಕಾಲು ಲೋಟ ಬಿಸಿ ಹಾಲಿನಲ್ಲಿ 15 ನಿಮಿಷ ನೆನೆಸಿ ಆರಿಸಿ. ಬೆಲ್ಲ ಹಾಕುವ ಆಸೆಯಿದ್ದರೆ ಪುಡಿ ಮಾಡಿ ತಣ್ಣನೆ ಹಾಲಿಗೆ ಹಾಕಿ. ಬಿಸಿ ಹಾಲಿಗೆ ಹಾಕಿ ಒಡೆಸಿಕೊಂಡವರು ಎಷ್ಟು ಜನರಿಲ್ಲ!

ಬಾಳೆಹಣ್ಣು ಸಿಪ್ಪೆ ಮೇಲೆ ಕಪ್ಪು ಚುಕ್ಕೆ ಬಿದ್ದಷ್ಟು ಹಣ್ಣಾಗಿರಲಿ. ಹಿಂದಿನ ರಾತ್ರಿಯೇ ಸುಲಿದು, ತುಂಡು ಮಾಡಿ ಫ್ರೀಜರ್‌ನಲ್ಲಿಟ್ಟರೆ ಐಸ್ ಬೇಕಾಗುವುದಿಲ್ಲ, ಶೇಕ್ ನೀರೂ ಆಗುವುದಿಲ್ಲ. ಐಸ್‌ಕ್ರೀಮ್ ಹಾಕದೆಯೇ ಐಸ್‌ಕ್ರೀಮಿನ ದಪ್ಪ ಬರುತ್ತದೆ. ಸುಲಿಯದೆ ಇಟ್ಟರೆ ಮಾತ್ರ ಬೆಳಿಗ್ಗೆ ಕಲ್ಲಿನ ಜೊತೆ ಕುಸ್ತಿ.

ಹಾಕುವ ಕ್ರಮ ಮುಖ್ಯ. ಜಾರ್‌ಗೆ ಮೊದಲು ಅರ್ಧ ಹಾಲು. ಅದರ ಮೇಲೆ ಬಾಳೆ, ನೆನೆದ ಖರ್ಜೂರ ಅದರ ಹಾಲಿನ ಸಮೇತ, ಪೀನಟ್ ಬಟರ್, ಉಪ್ಪು. ಪೀನಟ್ ಬಟರ್ ಮೊದಲು ಹಾಕಿದಿರೋ, ತಳಕ್ಕೆ ಅಂಟಿ ಕೂತು ಬ್ಲೇಡಿಗೆ ಸಿಗುವುದೇ ಇಲ್ಲ. ಒಂದು ನಿಮಿಷ ತಿರುಗಿಸಿ. ಗಂಟಿಲ್ಲದೆ ನುಣ್ಣಗಾದ ಮೇಲೆ ಉಳಿದ ಹಾಲು, ಐಸ್ ಹಾಕಿ ಇನ್ನು 20 ಸೆಕೆಂಡ್. ನೊರೆ ಬರಬೇಕು, ಐಸ್ ಪೂರ್ತಿ ಕರಗಬಾರದು. ಮುಚ್ಚಳವನ್ನು ಕೈಯಿಂದ ಒತ್ತಿ ಹಿಡಿಯಿರಿ. ಗೋಡೆ ಒರೆಸುವ ಕೆಲಸ ತಪ್ಪುತ್ತದೆ.

ಹಾಲಿಗೆ ಉಪ್ಪೇ ಎಂದು ಪಕ್ಕದ ಆಜಿ ಹುಬ್ಬೇರಿಸಿದರು. ಚಿಟಿಕೆ ಉಪ್ಪು ಇಲ್ಲದಿದ್ದರೆ ಶೇಂಗಾ ಸಪ್ಪೆ, ಸಿಹಿಯೂ ಮೇಲೇಳುವುದಿಲ್ಲ. ಆಜಿಗೆ ಉಪ್ಪು ಹಾಕದ್ದೊಂದು, ಹಾಕಿದ್ದೊಂದು ಲೋಟ ಕೊಟ್ಟೆ. ಹಾಕಿದ ಲೋಟ ಖಾಲಿಯಾಯಿತು, ಮಾತು ಬರಲಿಲ್ಲ. ತಣ್ಣಗಾದಷ್ಟೂ ನಾಲಿಗೆಗೆ ಸಿಹಿ ಕಡಿಮೆ ತಿಳಿಯುತ್ತದೆ. ಹಾಗಾಗಿ ಐಸ್ ಹಾಕುವ ಮೊದಲು ರುಚಿ ನೋಡಿದರೆ ತುಸು ಜಾಸ್ತಿ ಸಿಹಿ ಅನಿಸಬೇಕು.

ಒಂದು ಲೋಟಕ್ಕೆ ಸುಮಾರು 300 ಕ್ಯಾಲೊರಿ, 11 ಗ್ರಾಂ ಪ್ರೋಟೀನ್ ಆಗುತ್ತದೆ. ಇದು ಬಾಯಾರಿಕೆಗೆ ಕುಡಿಯುವುದಲ್ಲ, ಒಂದು ಹೊತ್ತಿನ ತಿಂಡಿ. ಮಗನಿಗೆ ಇದನ್ನು ಹೇಳಿ ಹೇಳಿ ಸಾಕಾಗಿದೆ. ಇನ್ನೊಂದು, ನೆಂಟರ ಮಕ್ಕಳಿಗೆ ಕೊಡುವ ಮೊದಲು ಶೇಂಗಾ ಅಲರ್ಜಿ ಇದೆಯಾ ಎಂದು ಕೇಳಿ. ಕೆಲವರಿಗೆ ಒಂದು ಗುಟುಕೂ ಜೀವಕ್ಕೆ ತೊಂದರೆ ಕೊಡುತ್ತದೆ.

ಸ್ವಲ್ಪ ಬದಲಾವಣೆ

ಏಕಾದಶಿಗೆ ಇಲ್ಲಿನ ಜನ ಸಾಬುದಾಣೆ ಖಿಚಡಿಗೆ ಶೇಂಗಾ ಹಾಕಿಯೇ ತಿನ್ನುತ್ತಾರೆ ಅಲ್ವಾ, ಉಪ್ಪಿನ ಬದಲು ಸೈಂಧವ ಲವಣ ಹಾಕಿದರೆ ಈ ಶೇಕ್ ಕೂಡ ಉಪವಾಸಕ್ಕೆ ನಡೆಯುತ್ತದೆ. ಆಜಿಯದೇ ಸಲಹೆ ಇದು. ಪೀನಟ್ ಬಟರ್ ಮಾಡುವಷ್ಟು ಪುರುಸೊತ್ತಿಲ್ಲದಿದ್ದರೆ ನಾಲ್ಕು ದೊಡ್ಡ ಚಮಚ ಕೂಟ್ ಅನ್ನು ಬಿಸಿ ಹಾಲಿನಲ್ಲಿ ಹತ್ತು ನಿಮಿಷ ನೆನೆಸಿ ಹಾಕಿ. ಸ್ವಲ್ಪ ತರಿತರಿ ಸಿಗುತ್ತದೆ, ನನಗೆ ಅದೂ ಇಷ್ಟ. ಉಡುಪಿ ಅಕ್ಕ ಎರಡು ಚಮಚ ಗಟ್ಟಿ ಕಾಫಿ ಡಿಕಾಕ್ಷನ್ ಸೇರಿಸುತ್ತಾರೆ. ಹುರಿದ ಶೇಂಗಾಕ್ಕೂ ಹುರಿದ ಕಾಫಿಗೂ ಚೆನ್ನಾಗಿ ಜೋಡಿಯಾಗುತ್ತದೆ. ಲೋಣಾವಳಾ ಕಡೆ ಹೋದವರು ತಂದ ಚಿಕ್ಕಿ ಡಬ್ಬದಲ್ಲಿ ಉಳಿದಿದ್ದರೆ ಕುಟ್ಟಿ ಮೇಲೆ ಉದುರಿಸಿ. ಚಾಕಲೇಟ್ ಸಾಸ್ ಮಾತ್ರ ನಾನು ಹೇಳುವುದಿಲ್ಲ. ಹದಿನೈದು ನಿಮಿಷ ನಿಂತು ಹುರಿದ ಶೇಂಗಾದ ವಾಸನೆ ಅದರಡಿಯಲ್ಲಿ ಮುಚ್ಚಿಹೋಗುತ್ತದೆ.

ಜಾರ್ ತೊಳೆಯುವ ಮೊದಲು ಒಂದು ಕೆಲಸ. ಪೀನಟ್ ಬಟರ್ ಅರೆದ ಜಾರ್‌ನ ಬ್ಲೇಡ್ ಕೆಳಗೆ ಕೆರೆದರೂ ಬಾರದಷ್ಟು ಅಂಟಿಕೊಂಡಿರುತ್ತದೆ. ಅದರಲ್ಲೇ ಅರ್ಧ ಲೋಟ ಹಾಲು, ಒಂದು ಚಮಚ ಬೆಲ್ಲದ ಪುಡಿ ಹಾಕಿ ತಿರುಗಿಸಿಬಿಡಿ. ಜಾರ್ ಮುಕ್ಕಾಲು ಪಾಲು ಚೊಕ್ಕಟ. ಆ ಅರ್ಧ ಲೋಟವನ್ನು ನಾನು ಯಾರಿಗೂ ಕೊಡುವುದಿಲ್ಲ, ಅಡುಗೆಮನೆಯಲ್ಲೇ ನಿಂತು ಕುಡಿಯುತ್ತೇನೆ.