ಬರಹಗಾರ ಬದಲಾದಾಗ ಬರುವ ಸಿಟ್ಟನ್ನು ನಾನು ಓದುವ ಬಗೆ

ಡ್ಯಾನ್ ಸ್ಲಾಟ್ ಬರೆದು ಮುಗಿಸಿದ ಮೇಲೆ, 2022ರ ಕೊನೆಯಲ್ಲಿ ಮಾರ್ವೆಲ್ ಕಾಮಿಕ್ಸ್ ಆದ ಫೆಂಟಾಸ್ಟಿಕ್ ಫೋರ್ (ರೀಡ್, ಅವನ ಹೆಂಡತಿ ಸೂ, ಅವಳ ತಮ್ಮ ಜಾನಿ, ಅವರ ಗೆಳೆಯ ಬೆನ್ ಎಂಬ ಸೂಪರ್ ಹೀರೋ ಕುಟುಂಬದ ಕಥೆ) ರಯಾನ್ ನಾರ್ತ್ ಕೈಗೆ ಬಂತು. ನನ್ನ ಜೊತೆ ಓದುವ ಗೆಳೆಯರಲ್ಲಿ ಹೆಚ್ಚಿನವರು, ಅಂಗಡಿಯವರು ತಮಗಾಗಿ ಸಂಚಿಕೆ ತೆಗೆದಿಡುವ ಪುಲ್ ಲಿಸ್ಟ್‌ನಿಂದ ಅದನ್ನು ತೆಗೆಸಿದರು. ನಾನು ಒಂದೊಂದು ಸಂಚಿಕೆಗೂ ಎರಡೆರಡು ಪ್ರತಿ ಕೊಂಡೆ. "ದುಡ್ಡು ಜಾಸ್ತಿ ಆಗಿದೆ ನಿನಗೆ" ಅಂದರು. ಈಗ ಅವರೇ ಆ ಸಂಚಿಕೆಗಳನ್ನು ನನ್ನ ಹತ್ತಿರ ಕೇಳುತ್ತಿದ್ದಾರೆ. ಬರಹಗಾರ ಬದಲಾದಾಗ ಕೊಳ್ಳಬೇಕೋ ಬೇಡವೋ ಅಂತ ತೀರ್ಮಾನಿಸುವ ನನ್ನ ವಿಧಾನವನ್ನು ಬರೆದಿಡಲು ಇದು ಸರಿಯಾದ ಸಮಯ ಅನ್ನಿಸಿತು.

ವಿಧಾನ ತುಂಬಾ ಸರಳ. ಹೊಸ ಬರಹಗಾರ ಬಂದ ಮೇಲೆ ಓದುಗರು ಹೇಳುವ ಒಂದೊಂದು ಮಾತನ್ನೂ ಮೂರು ಸಾಲುಗಳಲ್ಲಿ ಯಾವುದಾದರೂ ಒಂದಕ್ಕೆ ಹಾಕುತ್ತೇನೆ. ಹೋದವನ ಬಗ್ಗೆ ದುಃಖ ಒಂದು ಸಾಲು. ಬರುವವನ ಹೆಸರು ಕೇಳಿ ಹುಟ್ಟಿದ ಭಯ ಇನ್ನೊಂದು. ಪುಟದ ಮೇಲೆ ನಿಜವಾಗಿ ಇರುವುದರ ಬಗ್ಗೆ ಮೂರನೆಯದು. ಮೊದಲ ಎರಡನ್ನು ಪಕ್ಕಕ್ಕಿಡುತ್ತೇನೆ. ನಾಲ್ಕನೇ ಐದನೇ ಸಂಚಿಕೆ ಹೊತ್ತಿಗೆ ಮೂರನೇ ಸಾಲು ಉದ್ದವಾಗುತ್ತದೆ. ನನ್ನ ತೀರ್ಮಾನ ಅಲ್ಲಿಂದ ಶುರು.

ಇಲ್ಲಿಗೆ ಬರುವ ಮೊದಲು ಸುಮಾರು ದುಡ್ಡು ಹೋಗಿದೆ. ಮೊದಲು ಮಾರಾಟದ ಅಂಕಿ ಹಿಡಿದುಕೊಂಡಿದ್ದೆ. ಅದು ಯಾವುದಕ್ಕೂ ಆಗಲಿಲ್ಲ. ತಿಂಗಳ ಪಟ್ಟಿಯಲ್ಲಿ ಆಗ ಕಾಣುತ್ತಿದ್ದದ್ದು ಅಂಗಡಿಗಳು ವಿತರಕರಿಂದ ತರಿಸಿಕೊಂಡ ಲೆಕ್ಕ, ಓದುಗರು ಕೊಂಡ ಲೆಕ್ಕ ಅಲ್ಲ. ಮೊದಲ ಸಂಚಿಕೆಗೆ ಹತ್ತಾರು ವೇರಿಯಂಟ್ ಕವರ್ (ಬೇರೆ ಬೇರೆ ಚಿತ್ರದ ಮುಖಪುಟ) ಬಂದರೆ ಅಂಕಿ ಮೇಲೇರುತ್ತದೆ, ಎರಡನೆಯದಕ್ಕೆ ಕುಸಿಯುತ್ತದೆ. ಅದನ್ನು ನಂಬಿ ಒಂದೆರಡು ರನ್‌ಗಳಿಗೆ (ಒಬ್ಬ ಬರಹಗಾರ ಸತತವಾಗಿ ಬರೆದ ಸಂಚಿಕೆಗಳಿಗೆ) ಸುರಿದ ದುಡ್ಡು ಇನ್ನೂರು ಡಾಲರ್ ದಾಟಿರಬೇಕು. ಅವು ಈಗಲೂ ಡಬ್ಬದಲ್ಲೇ ಇವೆ.

ಆಮೇಲೆ ಹಳೆಯ ಲೆಟರ್ ಕಾಲಂಗಳನ್ನು, ಅಂದರೆ ಸಂಚಿಕೆಯಲ್ಲಿ ಬರುತ್ತಿದ್ದ ಓದುಗರ ಪತ್ರಗಳ ಪುಟಗಳನ್ನು, ಹಿಡಿದೆ. ಇದು ದುಬಾರಿ ದಾರಿ. ಸಂಗ್ರಹದ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಆ ಪುಟ ಇರುವುದಿಲ್ಲ. ಮೂಲ ಸಂಚಿಕೆಯನ್ನೇ ಕೊಳ್ಳಬೇಕು. 1987ರಲ್ಲಿ ಬರಹಗಾರ ಸ್ಟೀವ್ ಎಂಗಲ್‌ಹಾರ್ಟ್ ರೀಡ್ ಮತ್ತು ಸೂ ಇಬ್ಬರನ್ನೂ ತಂಡದಿಂದ ಹೊರಗೆ ಕಳಿಸಿ, ಬೆನ್‌ನನ್ನು ನಾಯಕನನ್ನಾಗಿ ಮಾಡಿ, ಅವರ ಜಾಗಕ್ಕೆ ಕ್ರಿಸ್ಟಲ್ ಮತ್ತು ಶಾರನ್ ವೆಂಚುರಾರನ್ನು ತಂದರು. ಗಂಡ ಹೆಂಡತಿಯೇ ಇಲ್ಲದ ಕುಟುಂಬದ ಕಥೆ! ಓದುಗರು ಏನಂದರು ಅಂತ ನೋಡುವ ಆಸೆಗೆ ಆ ಕಾಲದ ಸಂಚಿಕೆಗಳನ್ನು ಒಂದೊಂದಾಗಿ ಕೂಡಿಸಿದೆ. ಒಂದೊಂದು ಎರಡು ಮೂರು ಡಾಲರ್, ಅಂಚೆ ಖರ್ಚು ಅದಕ್ಕಿಂತ ಜಾಸ್ತಿ. ಆದರೆ ಪತ್ರ ಆರಿಸುವವರು ಸಂಪಾದಕರು. ಎರಡು ಬೈಗುಳದ ಪತ್ರ ಹಾಕಿದರೆ ಎರಡು ಹೊಗಳಿಕೆ ಹಾಕುತ್ತಾರೆ. ಸಿಟ್ಟು ಎಷ್ಟಿತ್ತು ಅನ್ನುವುದು ಅದರಲ್ಲಿ ಸಿಗುವುದಿಲ್ಲ. ಸಿಟ್ಟು ಯಾವುದರ ಮೇಲೆ ಅನ್ನುವುದು ಮಾತ್ರ ಸಿಗುತ್ತದೆ. ಮೂರು ಸಾಲಿನ ವಿಚಾರ ನನಗೆ ಹೊಳೆದದ್ದು ಆ ಪತ್ರಗಳನ್ನು ಓದುವಾಗಲೇ. ಹಾಗಾಗಿ ಆ ಖರ್ಚಿನ ಬಗ್ಗೆ ಬೇಜಾರಿಲ್ಲ.

ಈ ವಿಧಾನವನ್ನು ಹಿಂದಿನದಕ್ಕೆ ಹಚ್ಚಿ ನೋಡಿದಾಗ 2003ರ ಗಲಾಟೆ ಹೊಸದಾಗಿ ಕಂಡಿತು. ಬರಹಗಾರ ಮಾರ್ಕ್ ವೇಡ್ ಮತ್ತು ಚಿತ್ರಕಾರ ಮೈಕ್ ವೀರಿಂಗೊ 2002ರಲ್ಲಿ ಬಂದರು, ಅವರ ಮೊದಲ ಸಂಚಿಕೆಯನ್ನು ಮಾರ್ವೆಲ್ ಒಂಬತ್ತು ಸೆಂಟಿಗೆ ಮಾರಿತು. ಮರುವರ್ಷವೇ ವೇಡ್ ಅವರನ್ನು ತೆಗೆದು ರಾಬರ್ಟೊ ಅಗೀರೆ-ಸಕಾಸಾಗೆ ಕೊಡುವ ತೀರ್ಮಾನವಾಯಿತು. ಓದುಗರು ಸಿಡಿದೆದ್ದರು. ಮಾರ್ವೆಲ್ ಹಿಂದೆ ಸರಿದು ವೇಡ್ ಮತ್ತು ವೀರಿಂಗೊ ಇಬ್ಬರನ್ನೂ ವಾಪಸ್ ಕರೆಸಿತು. ಅಭಿಮಾನಿಗಳು ಗೆದ್ದ ಕಥೆ ಅಂತ ಇದನ್ನು ಎಲ್ಲರೂ ಹೇಳುತ್ತಾರೆ. ಗೆದ್ದದ್ದು ನಿಜ, ನನಗೂ ಖುಷಿ. ಆದರೆ ನನ್ನ ಪಟ್ಟಿಗೆ ಹಾಕಿದರೆ ಮೂರನೇ ಸಾಲು ಪೂರ್ತಿ ಖಾಲಿ. ಹೊಸಬರ ಒಂದು ಪುಟವೂ ಹೊರಗೆ ಬಂದಿರಲಿಲ್ಲ! ಅವರ ಕಥೆ 2004ರಲ್ಲಿ ಮಾರ್ವೆಲ್ ನೈಟ್ಸ್ 4 ಅಂತ ಬೇರೆಯಾಗಿ ಬಂತು. ಕುಟುಂಬ ದುಡ್ಡು ಕಳೆದುಕೊಂಡು ಎಲ್ಲರಂತೆ ಕೆಲಸಕ್ಕೆ ಹೋಗುವ ಕಥೆ. ಡಾಲರ್ ಬಾಕ್ಸ್‌ನಲ್ಲಿ (ಅಂಗಡಿಯವರು ಒಂದೊಂದು ಡಾಲರಿಗೆ ಮಾರುವ ಹಳೆ ಸಂಚಿಕೆಗಳ ಡಬ್ಬ) ಹೆಚ್ಚುಕಡಿಮೆ ಇಡೀ ರನ್ ಸಿಕ್ಕಿತು. ಓದಿದರೆ ಚೆನ್ನಾಗಿಯೇ ಇದೆ.

ಮಧ್ಯೆ ಇನ್ನೊಂದು ಪ್ರಯೋಗ ಮಾಡಿದೆ. ಪುಟದಲ್ಲಿ ಚಿತ್ರವನ್ನು ಮುಚ್ಚಿ ಮಾತಿನ ಗುಳ್ಳೆಗಳನ್ನು ಮಾತ್ರ ಬಿಟ್ಟು, ಯಾರು ಮಾತಾಡುತ್ತಿದ್ದಾರೆ ಹೇಳು ಅಂತ ಗೆಳೆಯನ ಕೈಗೆ ಕೊಟ್ಟೆ. ಬೆನ್ ಮಾತು ಯಾರು ಬರೆದರೂ ಗೊತ್ತಾಗುತ್ತದೆ, ಅವನನ್ನು ಲೆಕ್ಕಕ್ಕೆ ಹಿಡಿಯಬೇಡಿ. ರೀಡ್ ಮತ್ತು ಸೂ ಬೇರೆ ಬೇರೆಯಾಗಿ ಕೇಳಿಸುತ್ತಾರಾ ಅನ್ನುವುದೇ ಪರೀಕ್ಷೆ. ವೇಡ್ ಪುಟಗಳಲ್ಲಿ ಗೆಳೆಯ ತಡವರಿಸಲೇ ಇಲ್ಲ. ತೊಂಬತ್ತರ ದಶಕದ ಕೆಲವು ಸಂಚಿಕೆಗಳಲ್ಲಿ ಅರ್ಧಕ್ಕರ್ಧ ತಪ್ಪಿದ. ಇದೇ ಪ್ರಯೋಗವನ್ನು ಎಕ್ಸ್-ಮೆನ್ ಮೇಲೂ ಮಾಡಿದೆ. ಅಲ್ಲಿ ಪಾತ್ರಗಳು ಬಂದು ಹೋಗುತ್ತಲೇ ಇರುತ್ತವೆ, ಏನೂ ಹಿಡಿತಕ್ಕೆ ಸಿಗಲಿಲ್ಲ. ನಾಲ್ಕೇ ಜನ, ಅರವತ್ತು ವರ್ಷದಿಂದ ಅದೇ ಮನೆ ಮಂದಿ ಆದ್ದರಿಂದ ಇಲ್ಲಿ ಇದು ನಡೆಯುತ್ತದೆ.

ನಾರ್ತ್ ವಿಷಯಕ್ಕೆ ಬರೋಣ. ಮೊದಲ ಸಂಚಿಕೆಯಲ್ಲಿ ಬೆನ್ ಮತ್ತು ಅವನ ಹೆಂಡತಿ ಅಲಿಷಾ ಮಾತ್ರ. ಎರಡನೆಯದರಲ್ಲಿ ರೀಡ್ ಮತ್ತು ಸೂ. ಜಾನಿಗೆ ಮೂರನೆಯದು. ಕುಟುಂಬ ಒಟ್ಟಿಗೇ ಇಲ್ಲ. ರೀಡ್ ತಮ್ಮ ಮನೆಯಾದ ಬ್ಯಾಕ್ಸ್‌ಟರ್ ಬಿಲ್ಡಿಂಗನ್ನು ಮಕ್ಕಳ ಸಮೇತ ಕಾಲದಲ್ಲಿ ಒಂದು ವರ್ಷ ಮುಂದಕ್ಕೆ ಕಳಿಸಿಬಿಟ್ಟಿದ್ದಾನೆ ಅನ್ನುವುದು ಆಮೇಲೆ ಗೊತ್ತಾಗುತ್ತದೆ. "ಮಕ್ಕಳನ್ನು ತೆಗೆದುಬಿಟ್ಟ" ಅಂತ ನನ್ನ ಗೆಳೆಯರ ಕೂಗು. ಮೂರನೇ ಸಾಲು ಆ ದೂರಿನಿಂದಲೇ ತುಂಬಿತು. ನಾನು ನೋಡಿದ್ದು ಆ ಸಾಲಿನಲ್ಲಿ ಇಲ್ಲದ್ದನ್ನು. "ಸೂ ಹೀಗೆ ಮಾತಾಡಲ್ಲ" ಅಂತ ಯಾರೂ ಅನ್ನಲಿಲ್ಲ. ದೂರು ಕಥೆಯ ತಿರುವಿನ ಮೇಲಾದರೆ ಅದು ಕರಗುತ್ತದೆ, ಮಕ್ಕಳು ವಾಪಸ್ ಬಂದೇ ಬರುತ್ತಾರೆ. ದೂರು ಪಾತ್ರದ ದನಿಯ ಮೇಲಾದರೆ ಆ ರನ್ ಮೇಲೇಳುವುದಿಲ್ಲ. ನನ್ನ ಇಡೀ ವಿಧಾನದ ತಿರುಳು ಇದೇ.

ಗೆಳೆಯರು ಬಿಟ್ಟ ಸಂಚಿಕೆಗಳನ್ನು ಮುಖಬೆಲೆಯ ಕಾಲು ಭಾಗಕ್ಕೆ, ಅಂದರೆ ಸುಮಾರು ಒಂದೊಂದು ಡಾಲರಿಗೆ, ನಾನೇ ತೆಗೆದುಕೊಂಡೆ. ಎರಡನೇ ಪ್ರತಿಗಳಲ್ಲಿ ಕೆಲವನ್ನು ಆಮೇಲೆ ಮೂರು ನಾಲ್ಕು ಪಟ್ಟು ಬೆಲೆಗೆ ಕೊಟ್ಟೆ. ದೊಡ್ಡ ಲಾಭ ಅಲ್ಲ. ಎಂಗಲ್‌ಹಾರ್ಟ್ ಸಂಚಿಕೆಗಳ ಅಂಚೆ ಖರ್ಚಾದರೂ ವಾಪಸ್ ಬಂತು ಅಲ್ವಾ. ಕೊಳ್ಳುವ ಸರಿಯಾದ ವಾರ ಯಾವುದು, ಯಾವ ಒಂದು ಮಾತು ಕಿವಿಗೆ ಬಿದ್ದ ತಕ್ಷಣ ನಾನು ಕೊಳ್ಳುತ್ತೇನೆ ಅನ್ನುವುದನ್ನು ಇಲ್ಲಿ ಹೇಳುವುದಿಲ್ಲ. ಅದನ್ನು ಕಂಡುಕೊಳ್ಳಲು ನನಗೆ ವರ್ಷಗಳೇ ಹಿಡಿದವು.

ನಾರ್ತ್ ಮೂವತ್ತಕ್ಕೂ ಜಾಸ್ತಿ ಸಂಚಿಕೆ ಬರೆದರು. 2025ರ ಜುಲೈನಲ್ಲಿ ಮತ್ತೆ ಒಂದನೇ ನಂಬರಿನಿಂದ ಶುರು ಮಾಡಿದಾಗಲೂ ಬರಹಗಾರ ಅವರೇ, ಚಿತ್ರಕ್ಕೆ ಉಂಬರ್ಟೊ ರಾಮೋಸ್ ಬಂದರು. ಬರೆಯುವವರು ಅವರೇ ಇದ್ದು ಚಿತ್ರ ಬರೆಯುವವರು ಮಾತ್ರ ಬದಲಾದರೆ ಓದುಗರ ಸಿಟ್ಟು ಯಾವ ಸಾಲಿಗೆ ಹೋಗಬೇಕು? ಅದಕ್ಕೆ ನಾಲ್ಕನೇ ಸಾಲು ಹಾಕಿದ್ದೇನೆ. ಬಂದದ್ದನ್ನು ಬರೆದುಕೊಳ್ಳುತ್ತಾ ಹೋಗುತ್ತಿದ್ದೇನೆ. ಈ ಸಲ ಮಾತ್ರ ಒಂದೊಂದೇ ಪ್ರತಿ ಕೊಳ್ಳುತ್ತಿದ್ದೇನೆ.